ತುಳಿದು ನಡೆಸುವ ಮೀನುದೋಣಿ: ಕೊಳ್ಳುವ ಮೊದಲು ಲೆಕ್ಕ ಹಾಕಿ

ಕೈಯಲ್ಲಿ ಗಾಳ, ಕಾಲಲ್ಲಿ ಪೆಡಲ್. ಹುಟ್ಟು ಹಾಕುವ ಕೆಲಸವೇ ಇಲ್ಲ. ಒರಗು ಕುರ್ಚಿಯಲ್ಲಿ ಕೂತು ಸೈಕಲ್ ತುಳಿದ ಹಾಗೆ ತುಳಿದರೆ ದೋಣಿ ತಾನಾಗಿ ಮುಂದೆ ಹೋಗುತ್ತದೆ. ಮೊಬೈಲಿನಲ್ಲಿ ಇಂಥ ಚಿತ್ರ ನೋಡಿದ ಹೊಳೆಬದಿಯ ಹುಡುಗರು ಈಗ ಕೇಳುವ ಪ್ರಶ್ನೆ ಒಂದೇ: "ನಮಗೂ ಒಂದು ತರಿಸಿದರೆ ಹೇಗೆ?"

ತರಿಸಬಹುದು. ಆದರೆ ಇದು ಪೇಟೆಗೆ ಹೋಗಿ ಕತ್ತಿ, ಹಾರೆ ತಂದ ಹಾಗಲ್ಲ. ಬೆಲೆ ಲಕ್ಷದ ಲೆಕ್ಕ. ಮೈಗೆ ಹೊಂದದ ದೋಣಿ ತಂದರೆ ಹಣವೂ ಹೋಯಿತು, ಜೀವಕ್ಕೂ ಅಪಾಯ. ಅಂಗಡಿಯವನು ಬಣ್ಣ ತೋರಿಸುತ್ತಾನೆ, ಗಾಳ ಸಿಕ್ಕಿಸುವ ಗೂಡು ತೋರಿಸುತ್ತಾನೆ. ನಾವು ನೋಡಬೇಕಾದ್ದು ಬೇರೆಯೇ: ನಮ್ಮ ತೂಕ, ಕಾಲಿನ ಉದ್ದ, ನಮ್ಮ ಹೊಳೆಯ ಗುಣ, ಮನೆಯಿಂದ ಹೊಳೆಗೆ ಇರುವ ದಾರಿ, ಹಿಡಿಯುವ ಕ್ರಮ ಗಾಳವೋ ಬಲೆಯೋ ಎಂಬುದು. ಒಂದೊಂದಾಗಿ ನೋಡೋಣ.

ಇದು ಎಂಥ ದೋಣಿ?

ಕಯಾಕ್ ಎಂಬುದು ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ದೋಣಿ. ಮರ ಅಥವಾ ಎಲುಬಿನ ಹಂದರಕ್ಕೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಹೊದೆಸಿ ಮಾಡುತ್ತಿದ್ದರು. ನಮ್ಮ ಹರಿಗೋಲು ಕೂಡಾ ಇದೇ ಜಾಣ್ಮೆಯದ್ದು. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ, ಈಗ ಡಾಮರು ಬಳಿದ ಪ್ಲಾಸ್ಟಿಕ್ ಹೊದಿಕೆ. ಅದು ಉದ್ದ, ಇದು ಉರುಟು. ಅಷ್ಟೇ ವ್ಯತ್ಯಾಸ.

ಈಗಿನ ಮೀನು ಹಿಡಿಯುವ ಕಯಾಕುಗಳು ಹೆಚ್ಚಿನವೂ ಪಾಲಿಥೀನಿನವು. ನಮ್ಮ ಮನೆಯ ನೀರಿನ ಟ್ಯಾಂಕಿ ಮಾಡುವ ಕ್ರಮದಲ್ಲೇ ಇವನ್ನೂ ಮಾಡುತ್ತಾರೆ. ಅಚ್ಚಿನೊಳಗೆ ಪ್ಲಾಸ್ಟಿಕ್ ಹುಡಿ ಹಾಕಿ, ಬಿಸಿ ಮಾಡುತ್ತಾ ತಿರುಗಿಸುವುದು. ಒಳಗೆ ಪೊಳ್ಳು, ಮೇಲೆ ಮುಚ್ಚಿದ ಮೈ, ಅದರ ಮೇಲೆ ನಾವು ಕೂರುವುದು. ಅಲೆಯ ನೀರು ಮೇಲೆ ಬಂದರೆ ಇಳಿದು ಹೋಗಲು ತೂತುಗಳಿವೆ. ಹಾಗಾಗಿ ನೀರು ಮೊಗೆದು ಚೆಲ್ಲುವ ಕೆಲಸವಿಲ್ಲ.

ಪೆಡಲಿನಲ್ಲಿ ಎರಡು ಜಾತಿ ಇದೆ. ಒಂದು ರೆಕ್ಕೆಯದ್ದು. ದೋಣಿಯಡಿಯಲ್ಲಿ ಎರಡು ರೆಕ್ಕೆಗಳು ಪೆಂಗ್ವಿನ್ ಹಕ್ಕಿ ಈಜುವಾಗ ಬೀಸಿದ ಹಾಗೆ ಆಚೀಚೆ ಬೀಸುತ್ತವೆ. ಅಮೆರಿಕದ ಹೋಬಿ ಕಂಪೆನಿ 1997ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಕಾಲನ್ನು ಒಂದಾದ ಮೇಲೊಂದು ಮುಂದಕ್ಕೆ ಒತ್ತಬೇಕು, ಮೆಟ್ಟಲು ಹತ್ತಿದ ಹಾಗೆ. ಇನ್ನೊಂದು ಪಂಕದ್ದು. ಸೈಕಲಿನಂತೆ ಸುತ್ತ ತುಳಿದರೆ ಹಲ್ಲುಚಕ್ರದ ಮೂಲಕ ಅಡಿಯ ಪಂಕ ತಿರುಗುತ್ತದೆ. ಹಿಂದಕ್ಕೆ ತುಳಿದರೆ ದೋಣಿಯೂ ಹಿಂದೆ ಬರುತ್ತದೆ. ರೆಕ್ಕೆಯದ್ದರಲ್ಲಿ ಎಲ್ಲಾ ಮಾದರಿಗೂ ಈ ಹಿನ್ನಡೆ ಇಲ್ಲ, ಕೇಳಿಯೇ ಕೊಳ್ಳಬೇಕು.

ಲಾಭ ಏನು? ತೋಳಿಗಿಂತ ತೊಡೆಯ ಬಲ ಜಾಸ್ತಿ, ದಣಿವು ಕಡಿಮೆ. ಎರಡೂ ಕೈ ಗಾಳಕ್ಕೆ ಸಿಗುತ್ತದೆ. ಒಂದೆಡೆ ಗಾಳಿ ನೂಕುತ್ತಿದ್ದರೂ ತುಸು ತುಳಿಯುತ್ತಾ ಇದ್ದಲ್ಲೇ ನಿಲ್ಲಬಹುದು.

ಮೊದಲ ಲೆಕ್ಕ: ತೂಕ

ಒಂದು ಲೀಟರ್ ನೀರು ಪಕ್ಕಕ್ಕೆ ಸರಿದರೆ ಒಂದು ಕಿಲೋ ತೇಲುತ್ತದೆ. ಎಲ್ಲಾ ದೋಣಿಗೂ ಇದೇ ಶಾಸ್ತ್ರ. ಕಯಾಕಿನ ಮೇಲೆ "ಇಷ್ಟು ಕಿಲೋ ಹೊರುತ್ತದೆ" ಎಂದು ಬರೆದಿರುತ್ತಾರೆ. ಅದು ಅದರ ಗರಿಷ್ಠ. ಅಷ್ಟನ್ನೂ ಹೇರಿದರೆ ಮುಳುಗಲಿಕ್ಕಿಲ್ಲ, ಆದರೆ ಮೈ ನೀರಿಗೆ ಕೂತು ಓಲಾಡುತ್ತದೆ, ತುಳಿದರೂ ಮುಂದೆ ಹೋಗುವುದಿಲ್ಲ, ತೂತುಗಳಿಂದ ನೀರು ಮೇಲೆ ಬಂದು ಸೀಟು ಒದ್ದೆ. ಎತ್ತಿನ ಗಾಡಿಗೆ ಹೊರಲಾರದಷ್ಟು ಹೇರಿದರೆ ಗಾಡಿ ಮುರಿಯದಿದ್ದರೂ ಎತ್ತು ನಿಲ್ಲುತ್ತದಲ್ಲ, ಹಾಗೆ.

ರೂಢಿಯ ಲೆಕ್ಕ ಏನಂದ್ರೆ, ಗರಿಷ್ಠದ ಮೂರರಲ್ಲಿ ಎರಡು ಪಾಲು ಮಾತ್ರ ಹೇರಿ. ಅಂದರೆ ನಿಮ್ಮ ಒಟ್ಟು ಭಾರವನ್ನು ಒಂದೂವರೆಯಿಂದ ಗುಣಿಸಿ. ಬಂದ ಅಂಕಿಯಷ್ಟಾದರೂ ದೋಣಿಯ ಹೊರುವ ಶಕ್ತಿ ಇರಬೇಕು.

ಭಾರದಲ್ಲಿ ನೀವೊಬ್ಬರೇ ಅಲ್ಲ. ಮೈ ತೂಕ ಬಿಟ್ಟು ಉಳಿದದ್ದನ್ನು ಹೀಗೆ ಹಿಡಿಯಬಹುದು:

ಸೀಟು ಮತ್ತು ಪೆಡಲ್ ಯಂತ್ರ: 12 ಕಿಲೋ
ಲೈಫ್ ಜಾಕೆಟ್: 1 ಕಿಲೋ
ಲಂಗರು, ಹಗ್ಗ: 4 ಕಿಲೋ
ಗಾಳ, ಎರೆ, ಸಾಮಾನು: 5 ಕಿಲೋ
ಕುಡಿಯುವ ನೀರು, ಬುತ್ತಿ: 3 ಕಿಲೋ
ಪೆಟ್ಟಿಗೆ, ಮಂಜುಗಡ್ಡೆ, ಮೀನು: 15 ಕಿಲೋ

ಒಟ್ಟು 40 ಕಿಲೋ. ಇನ್ನು ಮೈ ತೂಕ ಸೇರಿಸಿ. 55 ಕಿಲೋದವರಿಗೆ 95. ಒಂದೂವರೆಯಿಂದ ಗುಣಿಸಿದರೆ ಸುಮಾರು 143. 75 ಕಿಲೋದವರಿಗೆ 115, ಗುಣಿಸಿದರೆ 173. 95 ಕಿಲೋದವರಿಗೆ 135, ಗುಣಿಸಿದರೆ 203. ಹಾಗಾಗಿ ಸಪೂರದವರಿಗೆ 150 ಕಿಲೋ ಹೊರುವ ದೋಣಿ ಧಾರಾಳ. ನಡು ಮೈಯವರಿಗೆ 175 ಬೇಕು. ದೊಡ್ಡ ಮೈಯವರು 200 ಕಿಲೋಗಿಂತ ಕಡಿಮೆಯದ್ದನ್ನು ನೋಡಲೇ ಬೇಡಿ.

ಕೆಲವು ಕಂಪೆನಿಗಳು ಸೀಟು, ಪೆಡಲನ್ನು ದೋಣಿಯ ತೂಕದಲ್ಲೇ ಸೇರಿಸುತ್ತವೆ, ಕೆಲವು ಹೊರುವ ಭಾರದಲ್ಲಿ ಹಿಡಿಯುತ್ತವೆ. ಅದನ್ನು ಕೇಳಿ. ಸೇರಿದ್ದರೆ ನಮ್ಮ ಪಟ್ಟಿಯ 12 ಕಿಲೋ ಬಿಡಬಹುದು.

ಇನ್ನೊಂದು ಅಂದಾಜು. ಹನ್ನೆರಡು ಅಡಿ ಉದ್ದ, 34 ಇಂಚು ಅಗಲದ ಕಯಾಕ್ ನೀರಿನ ಮಟ್ಟದಲ್ಲಿ ಸುಮಾರು ಎರಡು ಚದರ ಮೀಟರ್ ಜಾಗ ಹಿಡಿಯುತ್ತದೆ. ಅಂದರೆ ಪ್ರತಿ 20 ಕಿಲೋ ಹೇರಿದಾಗ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ದೋಣಿ, ಆಳು, ಸಾಮಾನು ಎಲ್ಲಾ ಸೇರಿ 155 ಕಿಲೋ ಆದರೆ ಸುಮಾರು ಎಂಟು ಸೆಂಟಿಮೀಟರ್. ಮೂರಿಂಚು ನೀರಿದ್ದಲ್ಲೂ ಮೈ ತೇಲುತ್ತದೆ. ಆದರೆ ಪೆಡಲಿನ ಕಥೆ ಬೇರೆ, ಮುಂದೆ ನೋಡೋಣ.

ಅಗಲ, ಉದ್ದ, ಸೀಟಿನ ಎತ್ತರ

ಅಗಲ ಹೆಚ್ಚಾದಷ್ಟೂ ದೋಣಿ ಗಟ್ಟಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಗಟ್ಟಿ ಎಂಬುದು ಮಾತ್ರ ಅಚ್ಚರಿ. ಮಗುಚುವುದನ್ನು ತಡೆಯುವ ಬಲ ಅಗಲದ ಘನದಷ್ಟು ಏರುತ್ತದೆ. 30 ಇಂಚಿನ ಬದಲು 36 ಇಂಚು ಮಾಡಿದರೆ ಅಗಲ ಏರಿದ್ದು ಐದರಲ್ಲಿ ಒಂದು ಪಾಲು, ಆದರೆ ನಿಲುಗಡೆಯ ಬಲ ಸುಮಾರು ಒಂದು ಮುಕ್ಕಾಲು ಪಟ್ಟು! ಮೀನು ಹಿಡಿಯುವ ಪೆಡಲ್ ಕಯಾಕುಗಳು ಹೆಚ್ಚಾಗಿ 33ರಿಂದ 38 ಇಂಚು ಅಗಲ ಇರುವುದಕ್ಕೆ ಇದೇ ಕಾರಣ.

ಹಾಗಂತ ಅಗಲ ಪುಕ್ಕಟೆ ಸಿಗುವುದಿಲ್ಲ. ಅಗಲದ ದೋಣಿ ಭಾರ, ತುಳಿಯಲು ಬಲ ಬೇಕು. ಸಪೂರದ ಆಳು 38 ಇಂಚಿನದ್ದನ್ನು ತಂದರೆ ಹೊಳೆಯಲ್ಲಿ ತುಳಿಯುವುದಕ್ಕಿಂತ ದಡದಲ್ಲಿ ಎಳೆಯುವುದೇ ಹೆಚ್ಚಾಗುತ್ತದೆ.

ಸೀಟಿನ ಎತ್ತರ ಇನ್ನೊಂದು ವಿಷಯ. ಎತ್ತರದ ಸೀಟಿನಲ್ಲಿ ಕೂತರೆ ದೂರ ಕಾಣುತ್ತದೆ, ಬೆನ್ನಿಗೂ ಹಿತ. ಆದರೆ ಭಾರ ಮೇಲೇರಿದಷ್ಟೂ ಓಲಾಟ ಜಾಸ್ತಿ. ಎತ್ತರದ ಮೈಕಟ್ಟಿನವರಿಗೆ ಎದೆ, ಹೆಗಲಿನ ಭಾರ ಮೊದಲೇ ಮೇಲಿರುತ್ತದೆ. ಅಂಥವರು ಸೀಟು ತಗ್ಗಿಸಲು ಬರುವ ಮಾದರಿ ಆರಿಸಿ, ಇಲ್ಲವೇ ಒಂದೆರಡು ಇಂಚು ಹೆಚ್ಚು ಅಗಲದ್ದನ್ನು ತೆಗೆದುಕೊಳ್ಳಿ.

ಉದ್ದದ ಲೆಕ್ಕ ಹೀಗೆ. ಹತ್ತಡಿಯದ್ದು ಬೇಗ ತಿರುಗುತ್ತದೆ. ಕಿರುತೋಡು, ಕಾಂಡ್ಲವನದ ಸಂದು, ಸಣ್ಣ ಕೆರೆಗೆ ಅನುಕೂಲ. ಹನ್ನೆರಡಡಿಯದ್ದು ಎಲ್ಲಾ ಕೆಲಸಕ್ಕೂ ಸಾಧಾರಣ ಹೊಂದುತ್ತದೆ. ಹದಿಮೂರು, ಹದಿನಾಲ್ಕು ಅಡಿಯದ್ದು ನೇರ ಹೋಗುತ್ತದೆ, ಅಲೆ ಕಡಿಯುತ್ತದೆ. ಅಗಲ ಹಿನ್ನೀರಿಗೆ, ಅಳಿವೆಗೆ ಒಳ್ಳೆಯದು. ಇಬ್ಬರು ಕೂರುವಂಥದ್ದೂ ಇದೆ, ಆದರೆ ಅದನ್ನು ಒಬ್ಬರೇ ಹೊರಲಿಕ್ಕಾಗುವುದಿಲ್ಲ. "ಯಾವಾಗಲಾದರೂ ಒಮ್ಮೆ ಮಗನೂ ಬಂದಾನು" ಎಂದು ದೊಡ್ಡದನ್ನು ಕೊಳ್ಳಬೇಡಿ.

ಕಾಲಿಗೆ ಹೊಂದಬೇಕು

ಅಂಗಿ ಕೊಳ್ಳುವಾಗ ಅಳತೆ ನೋಡುವ ನಾವು ದೋಣಿಗೆ ಕಾಲಿನ ಅಳತೆ ನೋಡುವುದಿಲ್ಲ. ಪೆಡಲ್ ಕಯಾಕಿನಲ್ಲಿ ಇದೇ ಮುಖ್ಯ. ಸೀಟಿನಲ್ಲಿ ಬೆನ್ನು ಒರಗಿಸಿ ಕೂತು, ದೂರದ ಪೆಡಲನ್ನು ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು. ಕಾಲು ನೆಟ್ಟಗಾದರೆ ಸೊಂಟ ಜಾರಿ ಬೆನ್ನುನೋವು ಖಂಡಿತ. ಹತ್ತಿರದ ಪೆಡಲಿನಲ್ಲಿ ಮೊಣಕಾಲು ಎದೆಗೇರಿದರೆ ಮಂಡಿನೋವು. ಪೆಡಲನ್ನೋ ಸೀಟನ್ನೋ ಹಿಂದೆಮುಂದೆ ಸರಿಸುವ ವ್ಯವಸ್ಥೆ ಇದ್ದೇ ಇರುತ್ತದೆ. ನಿಮ್ಮ ಕಾಲು ಅದರ ಮಿತಿಯೊಳಗೆ ಬರುತ್ತದೋ ನೋಡಿ. ಐದಡಿಯವರಿಗೂ ಆರಡಿಯವರಿಗೂ ಎಲ್ಲಾ ದೋಣಿ ಹೊಂದುವುದಿಲ್ಲ. ಮನೆಯಲ್ಲಿ ಗಂಡ, ಹೆಂಡತಿ ಇಬ್ಬರೂ ಬಳಸುವುದಾದರೆ ಇಬ್ಬರೂ ಕೂತು ನೋಡಬೇಕು.

ಮಂಡಿನೋವು ಇದ್ದವರಿಗೆ ರೆಕ್ಕೆಯದ್ದೋ ಪಂಕದ್ದೋ? ಇದಕ್ಕೆ ಒಂದೇ ಉತ್ತರ ಇಲ್ಲ. ರೆಕ್ಕೆಯದ್ದರಲ್ಲಿ ಕಾಲು ಹಿಂದೆಮುಂದೆ ಮಾತ್ರ ಚಲಿಸುತ್ತದೆ, ಬೇಕಾದರೆ ಅರ್ಧವೇ ತುಳಿಯಬಹುದು. ಪಂಕದ್ದರಲ್ಲಿ ಸುತ್ತು ಪೂರ್ತಿಯಾಗಲೇ ಬೇಕು, ಮೊಣಕಾಲು ಹೆಚ್ಚು ಮೇಲೆ ಬರುತ್ತದೆ. ಐದು ನಿಮಿಷ ಕೂತು ಎದ್ದರೆ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಾದರೂ ನೀರಲ್ಲಿ ತುಳಿದು ನೋಡಿ. ಮಾರುವವರು ಒಪ್ಪದಿದ್ದರೆ, ಪ್ರವಾಸಿಗಳಿಗೆ ಕಯಾಕ್ ಬಾಡಿಗೆಗೆ ಕೊಡುವಲ್ಲಿ ಪೆಡಲಿನದ್ದು ಇದೆಯೋ ವಿಚಾರಿಸಿ. ಒಂದು ದಿನದ ಬಾಡಿಗೆ ಎಷ್ಟಾದರೂ ನಷ್ಟವಲ್ಲ.

ನಿಮ್ಮ ನೀರು ಎಂಥದ್ದು?

ಪಂಕ, ರೆಕ್ಕೆ ಎರಡೂ ದೋಣಿಯಡಿಗೆ ಒಂದು, ಒಂದೂವರೆ ಅಡಿ ಇಳಿದಿರುತ್ತವೆ. ಫೆಬ್ರವರಿ ಕಳೆದ ಮೇಲೆ ನಮ್ಮ ಹೊಳೆಗಳಲ್ಲಿ ಮೊಣಕಾಲಿನಷ್ಟೂ ನೀರಿಲ್ಲದ ಜಾಗ ಎಷ್ಟಿಲ್ಲ! ನೀವು ಹೋಗುವ ದಾರಿಯುದ್ದಕ್ಕೂ ಒಂದು ಕೋಲು ಹಿಡಿದು ಆಳ ನೋಡಿ. ಎರಡಡಿಗಿಂತ ಕಡಿಮೆ ಇರುವಲ್ಲಿ ಪೆಡಲ್ ನೆಲಕ್ಕೆ ಬಡಿಯುತ್ತದೆ. ರೆಕ್ಕೆಯದ್ದಾದರೆ ಒಂದು ಕಾಲನ್ನು ಪೂರ್ತಿ ಮುಂದೊತ್ತಿ ರೆಕ್ಕೆಗಳನ್ನು ಹೊಟ್ಟೆಗೆ ಅಂಟಿಸಿ ದಾಟಬಹುದು. ಪಂಕದ್ದನ್ನು ಎತ್ತಿ ಮೇಲಿಡಬೇಕು. ಕಲ್ಲು ತುಂಬಿದ ಹೊಳೆಗೆ ಎರಡೂ ಅಷ್ಟಕ್ಕಷ್ಟೆ.

ಅಂತರಗಂಗೆ, ಪಾಚಿ, ಜೊಂಡು ತುಂಬಿದ ಕೆರೆಯಲ್ಲಿ ಪಂಕಕ್ಕೆ ಬಳ್ಳಿ ಸುತ್ತಿ ನಿಲ್ಲುತ್ತದೆ. ರೆಕ್ಕೆಗೆ ಸುತ್ತುವುದು ಕಡಿಮೆ, ಆದರೆ ಅದಕ್ಕೂ ಸಿಕ್ಕಿಕೊಳ್ಳುತ್ತದೆ. ಯಾವುದೇ ಇರಲಿ, ಒಂದು ಹುಟ್ಟು ದೋಣಿಯಲ್ಲಿ ಇರಲೇಬೇಕು. ಪೆಡಲ್ ಕೈಕೊಟ್ಟರೆ ಮನೆಗೆ ತರುವುದು ಅದೇ.

ಇನ್ನು ಸೆಳೆತ. ಸಾಧಾರಣ ಆಳು ಇಂಥ ದೋಣಿಯನ್ನು ತಾಸಿಗೆ ಐದಾರು ಕಿಲೋಮೀಟರು ವೇಗದಲ್ಲಿ ಒಯ್ಯಬಲ್ಲ, ಚುರುಕು ನಡಿಗೆಯಷ್ಟು. ಹೊಳೆ ಎಷ್ಟು ಬೀಸಾಗಿ ಹೋಗುತ್ತಿದೆ ಎಂದು ತಿಳಿಯಲು ಒಂದು ಸುಲಭ ಉಪಾಯ. ದಡದಲ್ಲಿ ಹತ್ತು ಮೀಟರ್ ಅಳೆದು ಎರಡು ಗೂಟ ಹಾಕಿ. ಮೇಲಿನ ಗೂಟದ ನೇರಕ್ಕೆ ಒಂದು ತೆಂಗಿನಕಾಯಿ ಎಸೆದು, ಕೆಳಗಿನ ಗೂಟ ದಾಟಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. ಹತ್ತು ಸೆಕೆಂಡ್ ಆದರೆ ಸೆಳೆತ ತಾಸಿಗೆ 3.6 ಕಿಲೋಮೀಟರ್. ನಿಮ್ಮ ವೇಗ ಐದು ಎಂದಿಟ್ಟುಕೊಳ್ಳಿ. ಕೆಳಗೆ ಒಂದು ಕಿಲೋಮೀಟರ್ ಹೋಗಲು ಏಳು ನಿಮಿಷ. ತಿರುಗಿ ಬರುವಾಗ ಕೈಗೆ ಸಿಗುವ ವೇಗ 1.4 ಮಾತ್ರ. ಅದೇ ಒಂದು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹತ್ತಿರ ಬಿಡದೆ ತುಳಿಯಬೇಕು! ಏಳು ಸೆಕೆಂಡಿಗೇ ಕಾಯಿ ದಾಟಿತೋ, ನೀವು ತುಳಿದರೂ ಇದ್ದಲ್ಲೇ ಇರುತ್ತೀರಿ. ಆ ದಿನ ದೋಣಿ ಇಳಿಸಬೇಡಿ. ಮಳೆಗಾಲದ ಕೆಂಪುನೀರಿನ ಹೊಳೆಗಂತೂ ಈ ದೋಣಿ ಅಲ್ಲವೇ ಅಲ್ಲ.

ಸೆಳೆತದ ಹೊಳೆಯಲ್ಲಿ ಮೊದಲು ಮೇಲಕ್ಕೆ ಹೋಗಿ, ದಣಿದ ಮೇಲೆ ನೀರಿನೊಂದಿಗೆ ಇಳಿದು ಬನ್ನಿ. ಅಳಿವೆಯ ಹತ್ತಿರದವರು ಉಬ್ಬರ, ಇಳಿತದ ಹೊತ್ತು ನೋಡಿ ಹೊರಡಿ. ಸುಮಾರು ಆರು ತಾಸಿಗೊಮ್ಮೆ ದಿಕ್ಕು ಬದಲುತ್ತದೆ. ಇಳಿತದಲ್ಲಿ ಅಳಿವೆಯ ಬಾಯಿಗೆ ಹತ್ತಿರ ಹೋದರೆ ನೀರು ಕಡಲಿಗೆ ಎಳೆಯುತ್ತದೆ. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದೇಳುತ್ತದೆ, ಬೆಳಗ್ಗಿನ ಕನ್ನಡಿಯಂಥ ನೀರು ನಂಬಬೇಡಿ. ಲಿಂಗನಮಕ್ಕಿಯಂಥ ದೊಡ್ಡ ಹಿನ್ನೀರಿನಲ್ಲೂ ಗಾಳಿಗೆ ಅಲೆ ಏಳುತ್ತದೆ. ಅಲ್ಲಿ ದಡದ ಅಂಚು ಬಿಟ್ಟು ನಡುವಿಗೆ ಹೋಗುವುದು ಬೇಡ.

ತೋಟ ದಾಟಿ ಹೊಳೆಗೆ

ಈ ದೋಣಿಗಳ ತೂಕ 35ರಿಂದ 60 ಕಿಲೋ. ಅಂಗಡಿಯ ಸಮತಟ್ಟು ನೆಲದಲ್ಲಿ ಎತ್ತಿ ನೋಡಿ "ಪರವಾಗಿಲ್ಲ" ಎನ್ನಬೇಡಿ. ನಿಮ್ಮ ಅಂಗಳದಿಂದ ಹೊಳೆಗೆ ನಡೆದು ನೋಡಿ. ಎಷ್ಟು ಮೆಟ್ಟಲು, ಎಷ್ಟು ಕಣಿ, ಎಷ್ಟು ಸಂಕ? ಅಡಿಕೆ ಮರದ ಸಂಕದ ಮೇಲೆ 12 ಅಡಿ ಉದ್ದದ ಹೊರೆ ಹೊತ್ತು ದಾಟುವುದು ಆಟವಲ್ಲ. ಎರಡು ಗಾಲಿಯ ತಳ್ಳುಗಾಡಿ ಸಿಗುತ್ತದೆ, ಗದ್ದೆಹುಣಿಯಲ್ಲೂ ಎಳೆಯಬಹುದು, ಕಣಿ ಮಾತ್ರ ದಾಟುವುದಿಲ್ಲ.

ಸೀಟು, ಪೆಡಲ್ ತೆಗೆದರೆ ತೂಕ ಹತ್ತು ಹನ್ನೆರಡು ಕಿಲೋ ಇಳಿಯುತ್ತದೆ. ಎರಡು ಸಲ ನಡೆಯಿರಿ. ಆದರೂ ಒಬ್ಬರಿಗೇ ಸಾಗಿಸಲು ಕಷ್ಟವಾದರೆ ಸಣ್ಣದನ್ನು ಆರಿಸಿ. ಹೊಳೆಗೆ ಇಳಿಯುವ ಸಣ್ಣ ದೋಣಿ, ಕೊಟ್ಟಿಗೆಯಲ್ಲೇ ಉಳಿಯುವ ದೊಡ್ಡ ದೋಣಿಗಿಂತ ಮೇಲು. ಹೊಳೆಬದಿಯಲ್ಲೇ ಕಟ್ಟಿಡುವುದಾದರೆ ನೆರೆ ಬಂದಾಗ ಎಲ್ಲಿಗೆ ಎಂಬುದನ್ನೂ ಮೊದಲೇ ಯೋಚಿಸಿ.

ಗಾಳವೋ, ಬಲೆಯೋ?

ಇಲ್ಲಿ ನೇರ ಮಾತು ಬೇಕು. ಪೆಡಲ್ ಕಯಾಕ್ ಹೊಂದುವುದು ಗಾಳ ಹಾಕುವವರಿಗೆ. ಅಮೆರಿಕದಲ್ಲಿ ಇದು ಹೆಚ್ಚಾಗಿ ಹವ್ಯಾಸದ ದೋಣಿ. ನಮ್ಮಲ್ಲಿ ಮೀನು ಹಿಡಿಯುವವರು ಹೆಚ್ಚಿನವರು ಬಲೆಯವರು. ಬೀಸುಬಲೆಗೆ ಎದ್ದು ನಿಂತು ಇಡೀ ಮೈ ತಿರುಗಿಸಿ ಎಸೆಯಬೇಕು. 36 ಇಂಚು ಅಗಲದ್ದರಲ್ಲೂ ಅದು ಅಪಾಯದ ಸಾಹಸ. ಕಟ್ಟುಬಲೆ ಎತ್ತುವಾಗ ಒದ್ದೆ ಬಲೆಯ ಭಾರ ಒಂದೇ ಬದಿಗೆ ಬೀಳುತ್ತದೆ, ಬಲೆಯ ನೂಲು ಪೆಡಲಿನ ರೆಕ್ಕೆಗೋ ಪಂಕಕ್ಕೋ ಸುತ್ತಿಕೊಳ್ಳುತ್ತದೆ. ಬಲೆಯೇ ನಿಮ್ಮ ಕಸುಬಾದರೆ ಈ ದೋಣಿಗೆ ಹಣ ಹಾಕಬೇಡಿ.

ಹಾಗಾದರೆ ಏನು? ಹರಿಗೋಲು ಇದೆ. ತುಂಗಭದ್ರೆ, ಕಾವೇರಿ ತೀರದಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ. ನಾಲ್ಕು ಸುತ್ತಿನಿಂದಲೂ ಬಲೆ ಎಳೆಯಬಹುದು, ಒಬ್ಬರೇ ಬೆನ್ನಿಗೆ ಹಾಕಿ ಒಯ್ಯಬಹುದು, ಸಣ್ಣ ತೂತಾದರೆ ಡಾಮರಿನಲ್ಲಿ ಮುಚ್ಚಬಹುದು. ನೇರ ಹೋಗುವುದಿಲ್ಲ, ಗಾಳಿಗೆ ತಿರುಗುತ್ತದೆ, ಅದೊಂದೇ ತಾಪತ್ರಯ. ಫೈಬರಿನ ಹರಿಗೋಲೂ ಬಂದಿದೆ. ಒಳನಾಡು ಮೀನುಗಾರರಿಗೆ ಸಹಾಯಧನದಲ್ಲಿ ಏನೇನು ಸಿಗುತ್ತದೆ ಎಂದು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಕರಾವಳಿಯ ಹೊಳೆಗೆ ಉದ್ದದ ಫೈಬರ್ ದೋಣಿ ಇನ್ನೂ ಅನುಕೂಲ. ಒಡೆದರೆ ಊರಲ್ಲೇ ತೇಪೆ ಹಾಕುವವರಿದ್ದಾರೆ. ಪಾಲಿಥೀನ್ ಕಯಾಕಿಗೆ ಫೈಬರ್ ಅಂಟು ಹಿಡಿಯುವುದಿಲ್ಲ. ಟ್ಯಾಂಕಿ ಬೆಸೆಯುವವರ ಹಾಗೆ ಬಿಸಿ ಮಾಡಿಯೇ ಬೆಸೆಯಬೇಕು.

ಪಂಜರದಲ್ಲಿ ಮೀನು ಸಾಕುವವರಿಗೆ ದಿನಾ ಆಹಾರ ಹಾಕಲು ಹೋಗಿ ಬರುವ ಕೆಲಸವಿದೆ. ಅಷ್ಟಕ್ಕೆ ಪೆಡಲ್ ಕಯಾಕ್ ಆಗುತ್ತದೆ. ಆದರೆ ಮೀನು ತೆಗೆಯುವ ದಿನ ಅದರಲ್ಲಿ ಆಗದು, ಹೊರುವ ದೋಣಿಯೇ ಬೇಕು.

ಕೃಷಿಹೊಂಡಕ್ಕೆ ಬೇಡವೇ ಬೇಡ. ಹೊಂಡದ ಎರಡು ದಡಕ್ಕೆ ಹಗ್ಗ ಬಿಗಿದು, ಅದನ್ನು ಹಿಡಿದು ಎಳೆದುಕೊಂಡು ಹೋಗುವ ತೆಪ್ಪ ಸಾಕು. 200 ಲೀಟರಿನ ನಾಲ್ಕು ಪ್ಲಾಸ್ಟಿಕ್ ಡ್ರಮ್ಮು ಬಾಯಿ ಭದ್ರ ಮುಚ್ಚಿ ಕಟ್ಟಿದರೆ ಪೂರ್ತಿ ಮುಳುಗಿದಾಗ 800 ಕಿಲೋ ಎತ್ತುತ್ತದೆ. ಅರ್ಧ ಮಾತ್ರ ಮುಳುಗಬೇಕು ಎಂದಿಟ್ಟರೆ 400. ಡ್ರಮ್ಮು, ಹಲಗೆ, ಚೌಕಟ್ಟಿನ ತೂಕ 140 ಕಳೆದರೆ 260 ಕಿಲೋ ಉಳಿಯಿತು. ಇಬ್ಬರಿಗೆ, ಒಂದು ಗೋಣಿ ಆಹಾರಕ್ಕೆ ಧಾರಾಳ. ಡ್ರಮ್ಮುಗಳನ್ನು ನಾಲ್ಕು ಮೂಲೆಗೆ ದೂರ ದೂರ ಕಟ್ಟಿ. ಅಗಲದ ಶಾಸ್ತ್ರ ಇಲ್ಲೂ ಅದೇ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಜಾರುತ್ತದೆ, ಈಜು ಬಲ್ಲವರೂ ಹತ್ತಲಾರರು. ದೋಣಿ ಇರಲಿ ಇಲ್ಲದಿರಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಬೇಕು.

ತಾನೇ ಮಾಡಿಕೊಳ್ಳುವ ಜಾಣರೂ ನಮ್ಮಲ್ಲಿದ್ದಾರೆ. ಬಿಹಾರದ ಚಂಪಾರಣ್ಯದ ಮೊಹಮ್ಮದ್ ಸೈದುಲ್ಲಾ 1975ರ ನೆರೆಯ ಬಳಿಕ ಸಾದಾ ಸೈಕಲ್ಲಿಗೆ ತೇಲುಪೆಟ್ಟಿಗೆ, ಚಕ್ರಕ್ಕೆ ಅಲಗು ಜೋಡಿಸಿ ನೆಲದಲ್ಲೂ ನೀರಲ್ಲೂ ಓಡಿಸಿದರು. ಅವರಿಗೆ 2005ರಲ್ಲಿ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನದ ಜೀವಮಾನ ಸಾಧನೆಯ ಗೌರವ ಸಿಕ್ಕಿತು. ತಲೆ ಓಡಿಸಿದರೆ ಪೆಡಲ್ ನೀರಿಗಿಳಿಯಲು ಲಕ್ಷ ಬೇಕಾಗಿಲ್ಲ!

ಹಣದ ಮಾತು

ಅಮೆರಿಕದಲ್ಲಿ ಹೆಸರಾಂತ ಕಂಪೆನಿಗಳ ಪೆಡಲ್ ಕಯಾಕಿಗೆ 2000ದಿಂದ 4000 ಡಾಲರ್ ಸಾಮಾನ್ಯ, ಮೇಲಿನದ್ದೂ ಇದೆ. ಕಡಿಮೆಯದ್ದೆಂದರೂ ಒಂದೂವರೆ ಲಕ್ಷ ರೂಪಾಯಿ ಮೀರುತ್ತದೆ. ಹಡಗಿನ ಬಾಡಿಗೆ, ಸುಂಕ ಬೇರೆ. ಅಗ್ಗದ ಮಾದರಿಗಳೂ ಸಿಗುತ್ತವೆ, ಆದರೆ ಅದರ ಬಿಡಿಭಾಗ?

ಒಂದು ಉದಾಹರಣೆ ಲೆಕ್ಕ. ಎರಡು ಲಕ್ಷ ಹಾಕಿದಿರಿ ಎನ್ನಿ. ನೂರಕ್ಕೆ ಒಂಬತ್ತರ ಬಡ್ಡಿಯೇ ವರ್ಷಕ್ಕೆ 18 ಸಾವಿರ. ಹತ್ತು ವರ್ಷ ಬಾಳಿದರೆ ಸವಕಳಿ 20 ಸಾವಿರ. ಮಳೆಗಾಲ ಕಳೆದು ಎಂಟು ತಿಂಗಳು, ವಾರಕ್ಕೆರಡು ಸಲ ಹೋದರೆ ಸುಮಾರು 70 ಸಲ. ಅಂದರೆ ಒಂದೊಂದು ಸಲ ನೀರಿಗಿಳಿದಾಗಲೂ 540 ರೂಪಾಯಿ ದೋಣಿಗೇ ಹೋಯಿತು. ಅಷ್ಟರ ಮೀನು ಸಿಗುತ್ತದಾ? ಉತ್ತರ ನಿಮ್ಮ ಹೊಳೆಗೆ ಗೊತ್ತು. ಮೂರ್ನಾಲ್ಕು ಮನೆಯವರು ಸೇರಿ ಕೊಂಡರೆ, ಇಲ್ಲವೇ ಮನೆಗೆ ಬರುವ ಪ್ರವಾಸಿಗಳಿಗೂ ಉಪಯೋಗವಾದರೆ ಲೆಕ್ಕ ಬದಲಾಗಬಹುದು. ಕೂಡಿ ಕೊಳ್ಳುವುದಾದರೆ ತೂಕದಲ್ಲಿ ದೊಡ್ಡವರ ಲೆಕ್ಕ, ಕಾಲಿನಲ್ಲಿ ಎಲ್ಲರ ಲೆಕ್ಕ ಹಿಡಿಯಬೇಕು.

ಹಕ್ಕಿನ ವಿಷಯವನ್ನೂ ಮರೆಯಬೇಡಿ. ಕೆರೆ, ಜಲಾಶಯಗಳ ಮೀನಿನ ಹಕ್ಕು ಹೆಚ್ಚಾಗಿ ಗುತ್ತಿಗೆಗೆ ಹೋಗಿರುತ್ತದೆ. ಶಿಶಿಲದಂಥ ಮತ್ಸ್ಯತೀರ್ಥಗಳಲ್ಲಿ ಮೀನು ಮುಟ್ಟುವಂತಿಲ್ಲ. ದೋಣಿ ಬರುವ ಮೊದಲು ಒಪ್ಪಿಗೆ ಇರಲಿ.

ಜೀವ ದೊಡ್ಡದು

ಲೈಫ್ ಜಾಕೆಟ್ ಸೀಟಿನಡಿಗಲ್ಲ, ಮೈ ಮೇಲೆ. ಈಜು ಬರುವವರಿಗೆ 50 ನ್ಯೂಟನ್ನಿನದ್ದು, ಬಾರದವರಿಗೆ 100ರದ್ದು. 50 ನ್ಯೂಟನ್ ಎಂದರೆ ಐದು ಕಿಲೋ ಎತ್ತುವ ಬಲ. "ನಾನು 75 ಕಿಲೋ, ಐದು ಕಿಲೋ ಹೇಗೆ ಸಾಕು?" ಎನ್ನಬೇಡಿ. ನೀರಿನಲ್ಲಿ ಮೈ ತನ್ನಷ್ಟಕ್ಕೇ ಹೆಚ್ಚುಕಡಿಮೆ ತೇಲುತ್ತದೆ, ಮೂಗು ಬಾಯಿ ಮೇಲಿರಲು ಇನ್ನಷ್ಟು ಬೇಕು, ಅಷ್ಟೇ. ಎದೆ ಸುತ್ತಳತೆಗೆ ಬಿಗಿಯಾಗಿರಲಿ.

ಮೊದಲ ದಿನವೇ ಎದೆಮಟ್ಟದ ನಿಂತ ನೀರಿನಲ್ಲಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿ, ಬೇಕೆಂದೇ ಬಿದ್ದು ಹತ್ತಿ ನೋಡಿ. ಬದಿ ಹಿಡಿದು ಕಾಲು ಬಡಿದು, ಹೊಟ್ಟೆ ಅಡ್ಡ ಹಾಕಿ, ಆಮೇಲೆ ತಿರುಗಿ ಕೂರಬೇಕು. ಮೂರು ಸಲ ಹತ್ತಲಾಗದಿದ್ದರೆ ಆ ದೋಣಿ ನಿಮಗಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

ಸೆಳೆತದಲ್ಲಿ ಲಂಗರಿನ ಹಗ್ಗವನ್ನು ಮುಂತುದಿ ಇಲ್ಲವೇ ಹಿಂತುದಿಗೆ ಕಟ್ಟಿ, ಬದಿಗೆ ಕಟ್ಟಿದರೆ ಮಗುಚುತ್ತದೆ. ಹಗ್ಗ ಕಡಿಯಲು ಕತ್ತಿ ಕೈಗೆಟಕುವಂತಿರಲಿ. ಕಿಂಡಿ ಅಣೆಕಟ್ಟಿನ ಹಲಗೆ ಮೇಲಿಂದ ನೀರು ಧುಮುಕುವಲ್ಲಿ ಸುಳಿ ಒಳಗೆಳೆಯುತ್ತದೆ, ಕೆಳಗಿನಿಂದಲೂ ಹತ್ತಿರ ಹೋಗಬೇಡಿ. ವಿದ್ಯುತ್ ಯೋಜನೆಯ ಅಣೆಕಟ್ಟಿನ ಕೆಳಗೆ ನೀರು ಯಾವಾಗ ಬಿಡುತ್ತಾರೆಂದು ತಿಳಿದೇ ಇಳಿಯಿರಿ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಅಲ್ಯುಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿದರೆ ಏನಾಗುತ್ತದೆ ಎಂದು ತೋಟದವರಿಗೆ ಹೇಳಬೇಕಾಗಿಲ್ಲ. ಕಾರ್ಬನ್ನಿನ ಗಾಳದ ಕೋಲೂ ಹಾಗೆಯೇ. ದಾಂಡೇಲಿಯ ಕಾಳಿಯಂಥ ಹೊಳೆಯಲ್ಲಿ ಮೊಸಳೆ ಇದೆ. ಗುಡುಗು ಕೇಳಿದ ತಕ್ಷಣ ದಡ.

ಬಂದ ಮೇಲೆ ಉಪ್ಪುನೀರಾದರೆ ಸಿಹಿನೀರಿನಲ್ಲಿ ತೊಳೆದು ಪೆಡಲಿಗೆ ಗ್ರೀಸ್ ಹಾಕಿ. ನೆರಳಿನಲ್ಲಿಡಿ, ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗುತ್ತದೆ. ಎರಡೇ ಹಗ್ಗದಲ್ಲಿ ತೂಗಿಸಿದರೆ ಮೈ ಬಾಗುತ್ತದೆ, ಅಗಲದ ಆಧಾರದ ಮೇಲೆ ಮಲಗಿಸಿ. ಹೊರಡುವ ಮೊದಲು ನೀರು ಬಿಡುವ ಬೆಣೆ ಹಾಕಿದೆಯೋ ನೋಡಿ.

ಅಂಗಡಿಯಲ್ಲಿ ಕೇಳಬೇಕಾದ್ದು

ಹೊರುವ ಗರಿಷ್ಠ ಭಾರ ಎಷ್ಟು, ಅದರಲ್ಲಿ ಸೀಟು, ಪೆಡಲ್ ಸೇರಿದೆಯೋ?
ಬರೀ ಮೈಯ ತೂಕ ಎಷ್ಟು, ಎಲ್ಲಾ ಜೋಡಿಸಿದಾಗ ಎಷ್ಟು?
ನನ್ನ ಕಾಲಿನ ಅಳತೆಗೆ ಸರಿಸಬಹುದೋ?
ಪೆಡಲ್ ಎಷ್ಟು ಆಳಕ್ಕೆ ಇಳಿಯುತ್ತದೆ, ನೆಲಕ್ಕೆ ಬಡಿದರೆ ಮೇಲೆ ಮಡಿಚುತ್ತದೋ?
ಹಿನ್ನಡೆ ಇದೆಯೋ?
ರೆಕ್ಕೆ, ಪಂಕ, ಪಿನ್ನು, ಚುಕ್ಕಾಣಿಯ ತಂತಿ ನಮ್ಮ ದೇಶದಲ್ಲಿ ಎಲ್ಲಿ ಸಿಗುತ್ತದೆ, ಎಷ್ಟು ದಿನದಲ್ಲಿ?
ನೀರಿಗಿಳಿಸಿ ನೋಡಲು ಬಿಡುತ್ತೀರೋ?

ಕೊನೆಯ ಎರಡಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಹಣ ಜೇಬಿನಲ್ಲೇ ಇರಲಿ. ಹೊಳೆ ಎಲ್ಲಿಗೂ ಓಡಿಹೋಗುವುದಿಲ್ಲ. ಪೆಡಲ್ ದೋಣಿಯನ್ನು ಈಗಾಗಲೇ ಬಳಸುತ್ತಿರುವ, ಇಲ್ಲವೇ ತಾವೇ ಕಟ್ಟಿಕೊಂಡ ಕೃಷಿಕರಿದ್ದರೆ ಖರ್ಚು, ಅಳತೆ ಸಹಿತ ಪತ್ರಿಕೆಗೆ ಬರೆಯಿರಿ. ಉಳಿದವರಿಗೆ ದಾರಿಯಾಗುತ್ತದೆ.